ಬೈದವರೆಲ್ಲ ಉಳಿದರು

ಬ್ಯಾಡಗಿ ಪೇಟೆಯಲ್ಲಿ ನನ್ನ ಕೈಯಿಂದ ತಪ್ಪಿಸಿಕೊಂಡ ಗೋಣು ಒಂದೂ ಇಲ್ಲ. ಗೋಣು ಅಂದರೆ ಕುತ್ತಿಗೆ. ನಮ್ಮ ಕಡೆ ಹಾಗೇ ಅನ್ನುವುದು. ಮೆಣಸಿನಕಾಯಿ ಚೀಲ ಹೊರುವ ಹಮಾಲರ ಗೋಣು, ದಿನವಿಡೀ ತಲೆ ತಗ್ಗಿಸಿ ಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಗೋಣು, ಏನನ್ನೂ ಹೊರದೆ ಬರೀ ಸೊಕ್ಕಿಗೇ ಸೆಟೆದುಕೊಂಡ ದಲಾಲರ ಗೋಣು, ಎಲ್ಲವೂ ನನ್ನ ಎಕ್ಸ್‌ರೇ ಕೋಣೆಯ ಮೇಜಿನ ಮೇಲೆ ಮಲಗಿ ಎದ್ದು ಹೋಗಿವೆ. ಒಮ್ಮೆ ಸರ್ಕಸ್ಸಿನವರು ಒಂಟೆಯನ್ನು ಕರೆತಂದಿದ್ದರು. ಆ ಫಿಲ್ಮು ಒಣಗಿಸಲು ಹಗ್ಗವನ್ನು ಬಸ್ ಸ್ಟ್ಯಾಂಡಿನವರೆಗೆ ಕಟ್ಟಬೇಕಾಯಿತು. ನಂಬದವರು ಹೋಗಿ ಒಂಟೆಯನ್ನೇ ಕೇಳಬಹುದು.

ನನ್ನ ಹೆಸರು ಮಾಲತೇಶಪ್ಪ. ಗೋಣಿನ ಮಾಲತೇಶ ಅಂದರೇ ಊರಿಗೆ ಗುರುತು. ಬೇರೆಯವರು ಮುಖ ನೋಡಿ ಮನುಷ್ಯನನ್ನು ಗುರುತಿಸುತ್ತಾರೆ. ನಾನು ಗೋಣಿನ ಎರಡನೇ ಎಲುಬು ನೋಡಿ, ಇವನು ಯಾರ ಮಗ, ಯಾವ ಓಣಿ, ಮದುವೆಯಲ್ಲಿ ಯಾರ ಜೊತೆ ಜಗಳ ಮಾಡಿದ್ದ ಎಂಬುದನ್ನೂ ಹೇಳಬಲ್ಲೆ. ಇಂಥ ನಾನು ಈಗ ಎಂಬತ್ತು ದಾಟಿ ಕಟ್ಟೆಯ ಮೇಲೆ ಕುಳಿತು ಒಂದು 'ಆ' ಬಗ್ಗೆ ಬರೆಯುತ್ತಿದ್ದೇನೆ. ಒಂದೇ ಒಂದು 'ಆ'. ಅದನ್ನು ಹೇಳುವುದಕ್ಕೆ ಮೊದಲು ಆ ಎರಡನೇ ಎಲುಬಿನ ಕಥೆ ಹೇಳಬೇಕು.

ತಲೆಬುರುಡೆಯ ಕೆಳಗಿನ ಮೊದಲ ಎರಡು ಎಲುಬುಗಳು ಬೀಸುವ ಕಲ್ಲಿನ ಜೋಡಿಯ ಹಾಗೆ. ಮೇಲಿನದು ಬಳೆ. ಕೆಳಗಿನದಕ್ಕೆ ಒಂದು ಗೂಟ. ಬಳೆ ಆ ಗೂಟದ ಸುತ್ತ ತಿರುಗುವುದರಿಂದಲೇ ನಾವು ತಲೆಯನ್ನು ಆಚೆ ಈಚೆ ಆಡಿಸುತ್ತೇವೆ. ಜಗತ್ತಿನ ಎಲ್ಲ 'ಒಲ್ಲೆ'ಗಳೂ ಆ ಗೂಟದ ಮೇಲೆ ನಿಂತಿವೆ. ಗೂಟ ಮುರಿದರೆ ಮನುಷ್ಯನೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹಾಗಾಗಿ ಚೀಲ ಬಿದ್ದು ಗೋಣು ಉಳುಕಿದವನು ಬಂದರೆ ಡಾಕ್ಟರು ಮೊದಲು ಕೇಳುವುದು ಗೂಟದ ಚಿತ್ರ. ಆದರೆ ಗೂಟ ಮಹಾ ನಾಚಿಕೆಯದು. ಮುಂದಿನಿಂದ ನೋಡಿದರೆ ಹಲ್ಲು, ದವಡೆ ಅಡ್ಡ; ಹಿಂದಿನಿಂದ ಬುರುಡೆಯ ತಳ ಅಡ್ಡ.

ಅದನ್ನು ಹಿಡಿಯಲು ಎರಡು ದಾರಿ. ಮೊದಲನೆಯದು ಪುಸ್ತಕದ್ದು. ರೋಗಿಯನ್ನು ಅಂಗಾತ ಮಲಗಿಸಿ, ಮೇಲಿನ ಹಲ್ಲಿನ ತುದಿ ಮತ್ತು ಕಿವಿಯ ಹಿಂದಿನ ಉಬ್ಬೆಲುಬು ಒಂದೇ ನೇರಕ್ಕೆ ಬರುವಂತೆ ತಲೆ ಇಡಬೇಕು. ಗದ್ದ ಕೂದಲೆಳೆಯಷ್ಟು ಮೇಲಾದರೆ ಬುರುಡೆ ಬಂದು ಗೂಟವನ್ನು ಮುಚ್ಚುತ್ತದೆ, ಕೆಳಗಾದರೆ ಹಲ್ಲು ಮುಚ್ಚುತ್ತದೆ. ಆಮೇಲೆ ಬಾಯಿ ಅಗಲಿಸಿ 'ಆ' ಅನ್ನಿಸಬೇಕು. 'ಆ' ಅಂದಾಗ ನಾಲಗೆ ತಗ್ಗಿ, ತೆರೆದ ಬಾಯಿಯ ನಡುವೆ ಗೂಟ ಗರ್ಭಗುಡಿಯ ಲಿಂಗದ ಹಾಗೆ ಕಾಣುತ್ತದೆ.

ಆದರೆ ನಮ್ಮ ಹಮಾಲರ ಬಾಯಿ ಪುಸ್ತಕ ಓದಿರಲಿಲ್ಲ. ಗುಟ್ಕಾ ತಿಂದು ತಿಂದು ಕೆನ್ನೆ ಬಿಗಿದು, ಬಾಯೊಳಗೆ ಎರಡು ಬೆರಳು ಹೋಗುತ್ತಿರಲಿಲ್ಲ. ಅಂಥವರಿಗೆ ಎರಡನೇ ದಾರಿ. ಬಾಯಿ ತೆರೆಯುವುದು ಬೇಡ. ಕಿರಣ ಬಿಡುವ ನಾಲ್ಕಾರು ಸೆಕೆಂಡು ದವಡೆಯನ್ನು ಆಡಿಸುತ್ತಲೇ ಇರಬೇಕು. ಆಡುವ ದವಡೆ ಫಿಲ್ಮಿನ ಮೇಲೆ ಮಬ್ಬಾಗಿ ಕರಗಿಹೋಗುತ್ತದೆ, ಆಡದ ಗೂಟ ಅದರ ಹಿಂದೆ ಸ್ಪಷ್ಟವಾಗಿ ನಿಲ್ಲುತ್ತದೆ. ರಸ್ತೆಬದಿ ನಿಂತವನಿಗೆ ಓಡುವ ಬಸ್ಸಿನ ಕಿಟಕಿಯ ಸರಳು ಕಾಣದೆ ಆಚೆಯ ಗುಡ್ಡ ಕಂಡ ಹಾಗೆ.

ಹೇಳುವುದು ಸುಲಭ. 'ದವಡೆ ಆಡಿಸು' ಅಂದರೆ ಹಮಾಲ ಇಡೀ ತಲೆಯನ್ನೇ ಆಡಿಸುತ್ತಿದ್ದ. ಜಗಿ ಅಂದರೆ ಗುಟ್ಕಾ ನೆನಪಾಗಿ ಉಗುಳಲು ಎದ್ದು ಕೂರುತ್ತಿದ್ದ. ಆಗ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಅದಕ್ಕೆ ದೊಡ್ಡ ಬಹುಮಾನವೇ ಬರಬೇಕಾಗಿತ್ತು, ವಿಳಾಸ ತಪ್ಪಿ ಬೇರೆ ಯಾರಿಗೋ ಹೋಗಿರಬೇಕು.

"ಫಕ್ಕೀರಪ್ಪ," ಅಂದೆ ಒಬ್ಬ ಹಮಾಲನಿಗೆ, "ನಿನಗ ಯಾರ ಮ್ಯಾಲೆ ಸಿಟ್ಟೈತಿ?"

"ಒಬ್ಬರಾ ಇಬ್ಬರಾ ಹೇಳಾಕ!"

"ಒಬ್ಬರನ್ನ ಹಿಡಕೋ. ದನಿ ಹೊರಗ ಬರಬಾರದು, ತಲಿ ಅಲುಗಬಾರದು. ಬರೇ ದವಡ್ಯಾಗ ಬೈ. ಹೊಟ್ಟಿ ತುಂಬ ಬೈ."

ಅಬ್ಬಾ, ಆ ಫಿಲ್ಮು! ಗೂಟ ಮುಂಜಾನೆಯ ಶುಕ್ರನ ಹಾಗೆ ಹೊಳೆಯುತ್ತಿತ್ತು. ದವಡೆ ಮಂಜಿನ ಹಾಗೆ ಹಾರಿಹೋಗಿತ್ತು. ಬೈಯುವಾಗ ಮನುಷ್ಯನಿಗೆ ದವಡೆಯನ್ನು ಯಾರೂ ಹೇಳಿಕೊಡಬೇಕಿಲ್ಲ, ತಲೆಯೂ ಗುರಿ ತಪ್ಪದೆ ನೆಟ್ಟಗೆ ನಿಲ್ಲುತ್ತದೆ. ಅಂದಿನಿಂದ ನನ್ನ ಕೋಣೆಗೆ ಬೈಗುಳದ ಕೋಣೆ ಎಂದೇ ಹೆಸರಾಯಿತು. ಬಾಯಿ ತೆರೆಯಬಲ್ಲವರಿಗೂ ನಾನು ಅದೇ ದಾರಿ ಹಿಡಿಸಿದೆ. ಗೋಣು ನೋಯದವರೂ ಬಂದು, "ಅಣ್ಣಾರ, ಅತ್ತಿ ಮ್ಯಾಲೆ ಸ್ವಲ್ಪ ಸಿಟ್ಟೈತ್ರಿ, ಒಂದು ಫಿಲ್ಮ್ ತಗೀರಿ" ಎಂದು ಕಾಡುತ್ತಿದ್ದರು. ಓಡಿಸುತ್ತಿದ್ದೆ. ಕಿರಣವೆಂದರೆ ಪಂಚಾಮೃತವಲ್ಲ.

ಹೀಗೆ ವರುಷಗಟ್ಟಲೆ ಬ್ಯಾಡಗಿಯ ಜನ ಮಲಗಿದರು, ದನಿಯಿಲ್ಲದೆ ಬೈದರು, ಎದ್ದು ಹಗುರಾಗಿ ಹೋದರು. ಫಿಲ್ಮಿನ ಕಾಲ ಮುಗಿಯಿತು, ಕಂಪ್ಯೂಟರಿನ ಕಾಲ ಬಂತು, ಬಾಯಿ ದವಡೆ ಯಾವುದರ ಗೊಡವೆಯೂ ಇಲ್ಲದೆ ಗೂಟವನ್ನು ಸುತ್ತಲಿಂದಲೂ ತೋರಿಸುವ ಯಂತ್ರ ಬಂತು. ನಾನು ಮುದುಕನಾದೆ. ನನ್ನ ಕೋಣೆಯಲ್ಲಿ ನಮ್ಮ ಮನೆಯಾಕೆ ಚನ್ನವ್ವ ಒಣಮೆಣಸಿನಕಾಯಿ ಚೀಲ ಇಟ್ಟಳು.

ಆಗ ಬಂದಳು ಡಾಕ್ಟರ್ ವಿಭಾ ಅಂಗಡಿ. ಧಾರವಾಡದಲ್ಲಿ ಸಂಶೋಧನೆ ಮಾಡುವ ಹುಡುಗಿ, ಹುಟ್ಟಿದ್ದು ಇಲ್ಲೇ ಕಾಗಿನೆಲೆ ಕಡೆ. ಸೂಟ್‌ಕೇಸಿನಷ್ಟು ದೊಡ್ಡ ಒಂದು ಪೆಟ್ಟಿಗೆಯನ್ನು ನಮ್ಮ ಪಡಸಾಲೆಯಲ್ಲಿಟ್ಟು, "ಅಜ್ಜಾರ, ನಿಮ್ಮ ಹಳೇ ಫಿಲ್ಮು ಮಾತಾಡ್ತಾವ" ಅಂದಳು.

"ಮಾತಾಡದ ಏನ್ ಮಾಡ್ತಾವ? ತಗದಾಂವ ಯಾರು!" ಅಂದೆ. ಅಂದಮೇಲೆ, ಅದು ಹೇಗೆಂದು ಕೇಳಿದೆ.

ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಹಳೆಯ ಎಕ್ಸ್‌ರೇ ಯಂತ್ರದಲ್ಲಿ ಕಿರಣ ನೀರಿನ ಹಾಗೆ ಹರಿಯುವುದಿಲ್ಲ. ಕರೆಂಟಿನ ಬಡಿತಕ್ಕೆ ತಕ್ಕಂತೆ, ಸೆಕೆಂಡಿಗೆ ನೂರು ಸಲ ಚಿಮ್ಮುತ್ತದೆ. ಅಂದರೆ ಮಬ್ಬಾದ ದವಡೆ ಒಂದು ಚಿತ್ರವಲ್ಲ, ಒಂದರ ಮೇಲೊಂದು ಬಿದ್ದ ನೂರಾರು ತೆಳು ಚಿತ್ರ. ಅವನ್ನು ಬಿಡಿಸಿ ಸಾಲಾಗಿ ಜೋಡಿಸಿದರೆ ದವಡೆ ಮತ್ತೆ ಆಡುತ್ತದೆ. ಗಂಟಲಿನ ಕೊಳವೆ, ಬಾಯಿಯ ಪೊಳ್ಳು ಫಿಲ್ಮಿನಲ್ಲೇ ಇರುವುದರಿಂದ, ಕೊಳಲಿನ ಅಳತೆ ನೋಡಿ ದನಿ ಹೇಳಿದ ಹಾಗೆ ಆ ಮನುಷ್ಯನ ದನಿಯನ್ನೂ ಕಟ್ಟಬಹುದು. ತೊಡಕು ಒಂದೇ. ಯಾವ ಚಿತ್ರ ಮೊದಲು, ಯಾವುದು ಆಮೇಲೆ? ದೊಡ್ಡ ಊರುಗಳಲ್ಲಿ ಕರೆಂಟು ಒಂದೇ ಸಮ, ಎಲ್ಲ ಬಡಿತವೂ ಒಂದೇ ತೂಕ, ಗುರುತು ಹತ್ತುವುದಿಲ್ಲ. ನಮ್ಮೂರಲ್ಲೋ, ಓಣಿಗೊಂದು ಖಾರದಪುಡಿ ಗಿರಣಿ. ಒಂದು ಗಿರಣಿ ಎದ್ದರೆ ದೀಪ ಕುಗ್ಗುತ್ತಿತ್ತು, ಇನ್ನೊಂದು ನಿಂತರೆ ಬುಗ್ಗೆನ್ನುತ್ತಿತ್ತು. ಒಂದು ಬಡಿತದ ಹಾಗೆ ಇನ್ನೊಂದಿಲ್ಲ. ಆ ಕುಣಿತವೇ ಫಿಲ್ಮಿನ ಮೇಲೆ ಕಾಲದ ಗುರುತು ಹಾಕಿಬಿಟ್ಟಿದೆ.

"ಬೆಂಗಳೂರಿನ ಫಿಲ್ಮು ಮೂಕ, ಬ್ಯಾಡಗಿ ಫಿಲ್ಮು ಮಾತಾಡತೈತಿ, ಹೌದಿಲ್ಲೋ?" ಅಂದೆ.

"ಹಂಗನ್ನಬಹುದ್ರಿ."

"ಅನ್ನಬಹುದೇನು, ಬರಸಿ ಊರಬಾಗಿಲಿಗೆ ಕಟ್ಟಬೇಕು!"

ಮೊದಲು ಓದಿಸಿದ್ದು ಫಕ್ಕೀರಪ್ಪನ ಫಿಲ್ಮು. ಅವನು ಸತ್ತು ಬಹಳ ಕಾಲವಾಗಿತ್ತು. ಮೊಮ್ಮಗ ತಂದುಕೊಟ್ಟ. ಊರವರು ಪಡಸಾಲೆ ತುಂಬಿ, ಅಂಗಳ ತುಂಬಿ, ಎದುರು ಮನೆಯ ಮಾಳಿಗೆ ಹತ್ತಿದ್ದರು. ಪೆಟ್ಟಿಗೆ ಗುಂಯ್‌ಗುಟ್ಟಿತು. ಆಮೇಲೆ, ದೇವರಾಣೆ, ಫಕ್ಕೀರಪ್ಪನೇ ನನ್ನ ಕಿವಿಯ ಹತ್ತಿರ ಬಂದು ಕುಳಿತ ಹಾಗೆ: "ನಿನ್ನ ತಕ್ಕಡಿ ನಿನ್ನ ಕಾಲ ಮ್ಯಾಲೆ ಬೀಳಲೋ, ನಿನ್ನ ಮೀಸಿಗೆ ಬೆಂಕಿ ಹತ್ತಲೋ, ಏಳು ಚೀಲಕ್ಕ ಆರು ಅಂತೀಯಲ್ಲೋ..."

ಜನ ಬಿದ್ದು ಬಿದ್ದು ನಕ್ಕರು. ಬೈಸಿಕೊಂಡ ವ್ಯಾಪಾರಿಯ ಮಗನೂ ಅಲ್ಲೇ ಇದ್ದ, ಅವನೂ ನಕ್ಕ. ನಗುತ್ತ ನಗುತ್ತಲೇ ಮೊಮ್ಮಗ ಪೆಟ್ಟಿಗೆಯ ಮೇಲೆ ಕೈಯಿಟ್ಟ. "ಯಪ್ಪಾ, ನಮ್ಮಜ್ಜಂದ ದನಿ ಇದು" ಅಂದ. ಆಮೇಲೆ ಯಾರೂ ನಗಲಿಲ್ಲ.

ಮುಂದೆ ಊರಿಗೆ ಅದೇ ರೂಢಿಯಾಯಿತು. ಹಿರಿಯರ ಹಬ್ಬದ ದಿನ ಎಡೆ ಹಿಡಿದು, ಊದಿನಕಡ್ಡಿ ಹಚ್ಚಿ, ಸತ್ತವರ ಬೈಗುಳ ಕೇಳಿ, ಕಣ್ಣೊರೆಸಿಕೊಂಡು ಹೋಳಿಗೆಗೆ ಕೂರುವುದು. ಗಂಡ ತನಗೇ ಬೈದಿದ್ದ ಎಂದು ತಿಳಿದ ಒಬ್ಬ ಮುದುಕಿ, "ಊರಾಗ ಇಷ್ಟ ಮಂದಿ ಇದ್ರೂ ನನ್ನನ್ನ ನೆನದಾನ ನೋಡ್ರಿ" ಎಂದು ಓಣಿಯೆಲ್ಲ ಹೇಳಿಕೊಂಡು ಬಂದಳು. ಆದರೆ ಮನೆಗೆ ಹೋದ ಮೇಲೆ ಎಲ್ಲರಿಗೂ ಒಂದೇ ಕೊರಗು. ನಮ್ಮವ್ವನ ದನಿ ಉಳಿಯಿತು, ಉಳಿದದ್ದು ಬೈಗುಳ. ನಮ್ಮಪ್ಪನ ದನಿ ಉಳಿಯಿತು, ಅದೂ ಬೈಗುಳ. ದವಡೆಯೊಳಗೆ ಆಡಿದ್ದು ಮೊಮ್ಮಕ್ಕಳ ಮನೆಗೆ ಬರುತ್ತದೆಂದು ಯಾರಿಗೆ ಗೊತ್ತಿತ್ತು? ಗೊತ್ತಿದ್ದರೆ ಒಬ್ಬನಾದರೂ ಮಗಳ ಹೆಸರು ಕರೆಯುತ್ತಿದ್ದ, ಒಬ್ಬಳಾದರೂ 'ಉಂಡೇನ' ಅನ್ನುತ್ತಿದ್ದಳು. ಅತಿ ಒಳ್ಳೆಯ ಗೂಟಗಳನ್ನು ತೆಗೆದ ನಾನು, ಒಂದೂರಿನ ಸಿಟ್ಟನ್ನಷ್ಟೇ ಉಪ್ಪಿನಕಾಯಿ ಹಾಕಿಟ್ಟಿದ್ದೆ.

ಒಂದು ಮಧ್ಯಾಹ್ನ ದ್ಯಾಮವ್ವ ಬಂದಳು. ಐವತ್ತರ ಹೆಂಗಸು, ಪೇಟೆಯಲ್ಲಿ ಮೆಣಸಿನಕಾಯಿ ಆರಿಸುತ್ತಾಳೆ. ಸೆರಗಿನಲ್ಲಿ ಒಂದು ಫಿಲ್ಮು. ಅದಕ್ಕೆ ಕುಂಕುಮ, ವಿಭೂತಿ, ಊದಿನಕಡ್ಡಿಯ ಹೊಗೆ ಮೆತ್ತಿ, ಅಂಚು ಮುದುರಿತ್ತು.

"ಇದಕ್ಯಾಕ ಕುಂಕುಮ ಹಚ್ಚೀರವ್ವ?" ವಿಭಾ ಕೇಳಿದಳು.

"ನಮ್ಮವ್ವಂದು ಫೋಟೋ ಇಲ್ರಿ. ಇದಾ ಫೋಟೋ. ಕಿಡಕಿಗೆ ಕಟ್ಟಿರತೀನಿ. ಹೊತ್ತು ಹುಟ್ಟಿದಾಗ ಆಕಿ ಹಲ್ಲು ಬೆಳ್ಳಗ ಕಾಣ್ತಾವ." ತಾಯಿಯ ಹೆಸರು ಹೊನ್ನವ್ವ ಎಂದಳು. ಮಗಳು ಅಂಬೆಗಾಲಿಡುವಾಗಲೇ ಸತ್ತವಳು.

ಫಿಲ್ಮನ್ನು ಬೆಳಕಿಗೆ ಹಿಡಿದೆ. ಮೂಲೆಯಲ್ಲಿ 'ಮಾ' ಎಂಬ ಗುರುತು. ಮೀನಿನ ಗಾಳದ ಸೀಸ ಕರಗಿಸಿ ನಾನೇ ಮಾಡಿಕೊಂಡದ್ದು, ಸುಳ್ಳಾಗುವಂತಿಲ್ಲ. ಬಾಯಿ ಅಗಲ ತೆರೆದಿತ್ತು. ನಡುವೆ ಗೂಟ. ಗೂಟದ ಬುಡದಲ್ಲಿ ಅಡ್ಡಕ್ಕೆ ಒಂದು ಕಪ್ಪು ಗೆರೆ. ಮುರಿದ ಗೂಟ.

"ಇದು ಬಾಯಿ ತಗಸಿ ತಗದದ್ದವ್ವ," ಅಂದೆ. "ಇದರಾಗ ಮಾತಿಲ್ಲ. ಕಣ್ಣು ಮಿಟುಕಿಸೂದ್ರಾಗ ಮುಗದದ್ದು. ಬರೇ ಒಂದು 'ಆ' ಇರತೈತಿ. ಅದೂ ನಾನು ಅನ್ನಿಸಿದ್ದು."

ಅವಳ ಮುಖ ಇಳಿಯಿತು. ಚನ್ನವ್ವ ನೀರು ಕೊಟ್ಟಳು, ಕುಡಿಯಲಿಲ್ಲ.

"ಅಜ್ಜಾ, ನಾನು ದನಿ ಕೇಳಾಕ ಬಂದಿಲ್ಲ," ಅಂದಳು ಕೊನೆಗೆ. "ಪ್ಯಾಟ್ಯಾಗ ಚೀಲದ ಸಾಲಿಗೆ ನಾನು ಹರಕೋತ ಹೋಗಿದ್ನಂತ. ಮ್ಯಾಲಿನ ಚೀಲ ಜಾರಿ ಬೀಳೂದು ನೋಡಿ ಅವ್ವ ನನ್ನ ಎಳಕೊಂಡಳಂತ. ಚೀಲ ಆಕಿ ಗೋಣಿನ ಮ್ಯಾಲೆ ಬಿತ್ತಂತ. ನನ್ನ ಸಾಕಿದ ದೊಡ್ಡವ್ವ ಸಿಟ್ಟು ಬಂದಾಗೆಲ್ಲ ಅಂತಿದ್ಲು, 'ನಿಮ್ಮವ್ವ ಮಾಲತೇಶನ ಬೈಗುಳದ ಕೋಲ್ಯಾಗ ನಿನಗ ಬೈದು ಸತ್ತಾಳ, ನಿನಗ ಒಳ್ಳೇದಾಗಂಗಿಲ್ಲ' ಅಂತ. ಗಂಡ ಬಿಟ್ಟಾಗ ಅದಾ ನೆನಪಾತು, ಕೂಸು ನಿಲ್ಲದಾಗ ಅದಾ ನೆನಪಾತು. ನಿಮ್ಮ ಕೋಲ್ಯಾಗ ಮಲಗಿದವರೆಲ್ಲ ಬೈದಾರ. ಅವ್ವ ಯಾರಿಗೆ ಬೈದಳು? ಅಷ್ಟ ಹೇಳಿಬಿಡ್ರಿ. ನನಗಾದ್ರೂ ಅಡ್ಡಿಯಿಲ್ಲ. ಗೊತ್ತಾಗಲಿ."

ಐವತ್ತು ವರ್ಷ ಇವಳು ಗೋಣಿನ ಮೇಲೆ ಹೊತ್ತದ್ದು ಇದು. ಬ್ಯಾಡಗಿಯ ಯಾವ ಹಮಾಲನೂ ಇಂಥ ಚೀಲ ಹೊತ್ತಿಲ್ಲ.

ಆಗ ನನಗೆ ಹೊನ್ನವ್ವ ಕಣ್ಣಿಗೆ ಕಟ್ಟಿದಳು. ಹಲಗೆಯ ಮೇಲೆ ತಂದಿದ್ದರು. ತಲೆಯ ಎರಡೂ ಬದಿಗೆ ಉಸುಕಿನ ಚೀಲ ಇಟ್ಟಿದ್ದೆ. ಸೆರಗಿನ ತುಂಬ ಒಡೆದ ಮೆಣಸಿನಕಾಯಿ, ಬೀಜ. ಅವಳ ಕೂಸು ಅಳುತ್ತಿತ್ತೆಂದು ನಾನೇ ಅದರ ಬಾಯಿಗೆ ಒಂದು ಬೆಲ್ಲದ ಹೆಂಟೆ ಇಟ್ಟೆ. ಅದು ಕೂಡಲೇ ಸುಮ್ಮನಾಯಿತು. ಜೊತೆಗೆ ಬಂದ ಹಮಾಲನೊಬ್ಬ ಕೂಸನ್ನು ಎತ್ತಿಕೊಂಡು ಬಾಗಿಲಿನ ಸೀಸದ ಗಾಜಿನಾಚೆ ನಿಂತ. ಹೊನ್ನವ್ವನಿಗೆ ನಾನು ಎಂದಿನ ಮಾತೇ ಹೇಳಿದೆ. ಅವಳು ಏನೋ ಒಂದು ಮಾತು ಅಂದಳು. ಆಮೇಲೆ ನಾನು ಬಾಯಿ ತೆರೆಸಿ ಈ ಫಿಲ್ಮು ತೆಗೆದೆ. ಹಾಗಾದರೆ ಮೊದಲು ತೆಗೆದದ್ದು?

"ಮೊದಲಿಂದು ಇನ್ನೊಂದು ಇರಬೇಕು. ಬೈಸಿ ತಗದದ್ದು," ಅಂದೆ. "ಆದ್ರ ಅದು... ಸಿಗೂದಿಲ್ಲ ಬಿಡು."

"ಯಾಕ ಸಿಗೂದಿಲ್ಲ?" ಒಳಗಿನಿಂದ ಚನ್ನವ್ವನ ದನಿ. "ಅಟ್ಟದ ಮ್ಯಾಲೆ ಐತಿ ನೋಡ್ರಿ."

"ಏನೈತಿ ಅಟ್ಟದ ಮ್ಯಾಲೆ?"

"ಕೆಟ್ಟ ಫಿಲ್ಮು. ಜನ್ಮದಾಗ ಒಂದು ಫಿಲ್ಮ್ ಕೆಡಿಸಿಲ್ಲ ಅಂತ ಕಟ್ಟಿ ಮ್ಯಾಲೆ ಕುಂತು ಹೇಳ್ತೀರಲ್ಲ, ಆ ಕೆಡದ ಫಿಲ್ಮು ಒಂದು ಗೋಣಿಚೀಲ ತುಂಬ ಅದಾವ. ಬೆಳ್ಳಿ ತಗಿಯಾಕ ಹಳೇ ಫಿಲ್ಮು ಕೊಳ್ಳಾಕ ಬರ್ತಿದ್ದಾಂವ ಎಣಿಸಿ ಊರಾಗ ಹೇಳ್ಯಾನು ಅಂತ ಮುಚ್ಚಿಟ್ಟಿದ್ದು ನನಗ ಗೊತ್ತಿಲ್ಲೇನು?"

ವಿಭಾ ನಗು ಮುಚ್ಚಲು ಸೆರಗಿಲ್ಲದೆ ಬಾಯಿಗೆ ಕೈ ಅಡ್ಡ ಹಿಡಿದಳು. ನಾನು ಮಾಳಿಗೆಯ ತೊಲೆ ನೋಡಿದೆ. "ಅವು ಕೆಟ್ಟವಲ್ಲ," ಅಂದೆ, "ವಿಶ್ರಾಂತಿ ತಗೊಳ್ಳಾಕತ್ತಾವ."

ಅಟ್ಟ ಹತ್ತಿದ್ದು ವಿಭಾ. ಕೆಳಗಿನಿಂದ ಚೀಲ ಹಿಡಿದುಕೊಂಡದ್ದು ದ್ಯಾಮವ್ವ. ಮೆಣಸಿನಕಾಯಿ ಆರಿಸುವ ಬೆರಳು, ಒಂದೊಂದೇ ಫಿಲ್ಮನ್ನು ಬೆಳಕಿಗೆ ಹಿಡಿದು ಬದಿಗಿಡುತ್ತ ಹೋಯಿತು. ನಾನು ಗುರುತಿಸುವ ಮೊದಲೇ ಅವಳು ಗುರುತಿಸಿದಳು. "ಇದು ನಮ್ಮವ್ವ," ಅಂದಳು. "ಮುಂದಿನ ಹಲ್ಲು ಒಂದು ಓರೆ ಐತಿ." ದಿನಾ ಬೆಳಗ್ಗೆ ಕಿಟಕಿಯಲ್ಲಿ ಕಂಡ ಹಲ್ಲು, ತಪ್ಪುವುದುಂಟೆ?

ನಾನು ಅದನ್ನು ಕೈಗೆ ತೆಗೆದುಕೊಂಡು ನೋಡಿದೆ. ನನಗೆ ಪೆಟ್ಟಿಗೆ ಬೇಕಿರಲಿಲ್ಲ. ದವಡೆ ಮಬ್ಬಾಗಿರಲಿಲ್ಲ. ಕಲ್ಲಿನಲ್ಲಿ ಕಡೆದ ಕಮಾನಿನಷ್ಟು ಚೊಕ್ಕ. ಹಲ್ಲಿಗೆ ಹಲ್ಲು ಕೂಡಿ, ಗೂಟವನ್ನು ಪೂರಾ ಮುಚ್ಚಿ ನಿಂತಿತ್ತು. ಆದರೂ ದ್ಯಾಮವ್ವ ಯಂತ್ರದ ಬಾಯಿಂದಲೇ ಕೇಳಬೇಕಲ್ಲ. "ಹಚ್ಚವ್ವ," ಎಂದೆ ವಿಭಾಳಿಗೆ.

ಪೆಟ್ಟಿಗೆ ಗುಂಯ್‌ಗುಟ್ಟಿತು. ಅದರ ಪರದೆಯ ಮೇಲೆ ಮಾತು ಬಂದಾಗ ಗುಡ್ಡದ ಹಾಗೆ ಏಳುವ ಗೆರೆ ಬೇಸಿಗೆಯ ಬಯಲಿನ ಹಾಗೆ ನೆಟ್ಟಗೆ ಹೋಯಿತು. ವಿಭಾ ಎರಡನೇ ಸಲ ಹಚ್ಚಿದಳು. ಅದೇ ಬಯಲು.

"ಕೆಟ್ಟೈತೇನ್ರಿ ಪೆಟಿಗಿ?" ದ್ಯಾಮವ್ವ ಕೇಳಿದಳು.

"ಕೆಟ್ಟಿಲ್ಲವ್ವ," ಅಂದೆ. "ನಿಮ್ಮವ್ವ ಬೈದಿಲ್ಲ. ದವಡೆ ಅಲುಗಿಸಿಲ್ಲ. ಈ ಕೋಲ್ಯಾಗ ಬೈಯದ ಹೋದಾಕಿ ಆಕಿ ಒಬ್ಬಾಕಿನ." ಆಗ ಆ ಮಾತೂ ನೆನಪಾಯಿತು. ಹೊನ್ನವ್ವ ತಲೆ ಅಲುಗಿಸದೆ, ಕಣ್ಣನ್ನಷ್ಟೇ ಗಾಜಿನ ಕಡೆ ಹೊರಳಿಸಿ ಅಂದಿದ್ದಳು. "'ಒಲ್ಲೆ ಅಣ್ಣಾರ' ಅಂದಳು. 'ದನಿ ಇಲ್ಲದಿದ್ರೂ ಬ್ಯಾಡ. ಕೂಸು ನನ್ನ ಬಾಯಿನ ನೋಡಾಕತ್ತೈತಿ. ಬಾಯಿ ನೋಡಿನ ಮಾತು ಕಲೀತಾವ' ಅಂದಳು. ಅಂದು ಬಾಯಿ ಬಿಗದು ಮಲಗಿದಳು. ಆದ್ರೂ ನಾನು ಬಟನ್ ಒತ್ತಿದೆ, ಫಿಲ್ಮು ಕೆಟ್ಟಿತು. ಅದಕ್ಕ ಬಾಯಿ ತಗಸಿ ಇನ್ನೊಂದು ತಗದೆ."

ಎರಡನೇ ಫಿಲ್ಮಿನಲ್ಲಿ ಗೂಟ ಮುರಿದದ್ದು ಕಂಡು ಹುಬ್ಬಳ್ಳಿಗೆ ಜೀಪು ಹೊರಡಿಸಿದೆವು. ಜೀಪು ಮೋಟೆಬೆನ್ನೂರು ದಾಟುವಷ್ಟರಲ್ಲಿ ಹಿಂದಿರುಗಿತು. ಫಿಲ್ಮು ಅವಳ ಎದೆಯ ಮೇಲೇ ಇತ್ತು. ಇದನ್ನು ನಾನು ಹೇಳಲಿಲ್ಲ, ದ್ಯಾಮವ್ವನಿಗೆ ಗೊತ್ತಿತ್ತು.

ಅವಳು ಮೊದಲು ಒಂದು ಉಸಿರು ಬಿಟ್ಟಳು. ಬಾವಿಯಿಂದ ಕೊಡ ಮೇಲೆ ಬಂದು ಕಟ್ಟೆಗೆ ತಾಗಿದಾಗ ಬಿಡುವಂಥದು. "ಬೈದಿಲ್ಲ" ಅಂದಳು. ಇನ್ನೊಮ್ಮೆ, "ಬೈದಿಲ್ಲ ನೋಡ್ರಿ ಚನ್ನಕ್ಕ" ಅಂದಳು. ನಕ್ಕಳು. ಆ ನಗು ಹಾಗೇ ತಿರುಗಿ ಅಳುವಾಯಿತು.

"ಊರ ಮಂದೀದೆಲ್ಲ ದನಿ ಉಳೀತಲ್ರಿ. ಬೈದು ಬೈದು ಎಲ್ಲಾರೂ ಉಳಕೊಂಡರು. ನಮ್ಮವ್ವ ನನಗೋಸ್ಕರ ಬಾಯಿ ಬಿಗಿಹಿಡದು, ಏನೂ ಇಲ್ಲದಂಗ ಹೋದಳಲ್ಲ. ಒಂದು ಮಾತರ ಆಡಬಾರದಿತ್ತಾ? ಬೈಗುಳಾನ ಆಗಲಿ. ನಾ ಬೈಸಿಕೋತಿದ್ನಲ್ಲ."

ವಿಭಾ ನನ್ನ ಮುಖ ನೋಡಿದಳು. ಮೂರು ಲೋಕದ ಗೋಣುಗಳನ್ನು ನೇರ ಮಾಡಿದವನಿಗೆ ತನ್ನ ಗೋಣು ಎತ್ತಲಾಗಲಿಲ್ಲ. 'ಬೈ' ಅನ್ನುವ ಬದಲು 'ಹಾಡು' ಅಂದಿದ್ದರೂ ದವಡೆ ಆಡುತ್ತಿತ್ತು. 'ಮನೆ ಮಂದಿಯ ಹೆಸರು ಹೇಳು' ಅಂದಿದ್ದರೂ ಆಡುತ್ತಿತ್ತು. ಗೂಟ ಅಷ್ಟೇ ಚೆನ್ನಾಗಿ ಕಾಣುತ್ತಿತ್ತು.

ದ್ಯಾಮವ್ವ ಕಣ್ಣೊರೆಸಿಕೊಂಡು, ಕುಂಕುಮದ ಫಿಲ್ಮನ್ನು ಮಡಿಲಿನಿಂದ ತೆಗೆದಳು. "ಹಂಗಾರ ಇದನ್ನ ಹಚ್ರಿ," ಅಂದಳು. "ಆ 'ಆ' ಐತೆಂದ್ರಲ್ಲ."

ವಿಭಾ ಹತ್ತಿಯನ್ನು ನೀರಲ್ಲಿ ಅದ್ದಿ ಫಿಲ್ಮನ್ನು ಒರೆಸಿದಳು. ಐವತ್ತು ವರ್ಷದ ಕುಂಕುಮ ಬಿಡಲು ಹೊತ್ತು ಹಿಡಿಯಿತು. ಬೈಗುಳದ ಫಿಲ್ಮಿಗಿಂತ ಇದು ಯಂತ್ರಕ್ಕೆ ಸುಲಭವಂತೆ. ಬಾಯಿ ಪೂರಾ ತೆರೆದದ್ದರಿಂದ ಕೊಳಲು ತುದಿಯಿಂದ ತುದಿಗೆ ಕಾಣುತ್ತದೆ, ದನಿ ಎಳ್ಳಷ್ಟೂ ಹುಸಿಯಾಗುವುದಿಲ್ಲ.

"ಆ" ಅಂದಿತು ಪೆಟ್ಟಿಗೆ.

ಅಷ್ಟೇ. ಹುಡುಗಿಯ ದನಿ. ಹೊನ್ನವ್ವನಿಗೆ ಆಗ ಇಪ್ಪತ್ತೂ ತುಂಬಿರಲಿಲ್ಲವೆಂದು ಕಾಣುತ್ತದೆ. ಈ ಐವತ್ತರ ಮಗಳಿಗಿಂತ ಎಷ್ಟೋ ಸಣ್ಣವಳು. ಸ್ವಲ್ಪ ಒಡೆದ ದನಿ, ಮೆಣಸಿನಕಾಯಿ ಘಾಟಿಗೆ ನಮ್ಮೂರ ಹೆಣ್ಣುಮಕ್ಕಳ ದನಿ ಒಡೆಯುವ ಹಾಗೆ. ಕೊನೆಗೆ ಒಂದಿಷ್ಟು ಮೇಲೆದ್ದು ನಿಂತಿತು.

ಒಳಗೆ ಚನ್ನವ್ವನ ಲಟ್ಟಣಿಗೆ ನಿಂತಿತು.

ದ್ಯಾಮವ್ವ ನನ್ನ ಹತ್ತಿರ ಸರಿದು, ಚಿಕ್ಕ ಹುಡುಗಿ ಗುಟ್ಟು ಕೇಳುವಂತೆ ಕೇಳಿದಳು: "ಅಜ್ಜಾ, ಕೂಸಿಗೆ ಅಷ್ಟೊತ್ತಿಗೆ 'ಅವ್ವ' ಅನ್ನಾಕ ಬರತೈತಲ್ಲ. ಅವ್ವ 'ಆ' ಅನ್ನೂಮುಂದ, ಬಾಗಲದಾಗಿಂದ ನಾನು ಕರದಿದ್ನೇನು?"

ಬೆಲ್ಲದ ಹೆಂಟೆ ನನಗೆ ಚೆನ್ನಾಗಿ ನೆನಪಿದೆ. ಕೂಸಿನ ಎರಡೂ ಕೆನ್ನೆ ಉಬ್ಬಿತ್ತು. ಜೊಲ್ಲು ಹಮಾಲನ ತೋಳಿನ ಮೇಲೆ ಇಳಿಯುತ್ತಿತ್ತು. ಗಾಜಿನಾಚೆ ಪಿಟ್ಟೆನ್ನುವ ದನಿ ಇರಲಿಲ್ಲ. 'ಆ ಅನ್ನು ತಂಗಿ' ಎಂದವನು ನಾನು. 'ಆ' ಅಂದದ್ದು ನನಗೆ.

ಊರಿಗೆಲ್ಲ ಒಂಟೆಯ ಗೋಣು ಮಾರಿದವನು ನಾನು. ಆದರೆ ಈ ಒಂದು ನಿಜವನ್ನು ಹೇಳಲು ನನ್ನ ದವಡೆ ಅಲುಗಲೇ ಒಲ್ಲದು. ವಿಭಾ ನನ್ನನ್ನೇ ನೋಡುತ್ತಿದ್ದಳು.

"ಕರದಿದ್ಯವ್ವ," ಅಂದೆ. "ಕರದಿದ್ದಿ. ಎಂಥಾ ಕರಿ! ಗಿರಣಿ ಸಪ್ಪಳ ಮುಚ್ಚಿಹೋಗಿತ್ತು. ಪ್ಯಾಟಿ ಮಂದಿಯೆಲ್ಲ ತೂಕದ ಕಾಟಾ ನಿಲ್ಲಿಸಿ ತಿರುಗಿ ನೋಡಿದರು. ಮೋಟೆಬೆನ್ನೂರಿಗೂ ಕೇಳಿಸಿತ್ತಂತ."

ಅವಳು ತಲೆಯಾಡಿಸಿದಳು. ನಂಬಿದಳೋ, ನನ್ನ ಮುಖ ನೋಡಿ ನನಗೋಸ್ಕರ ನಂಬಿದಳೋ, ಯಾವ ಎಲುಬು ನೋಡಿಯೂ ನಾನು ಹೇಳಲಾರೆ. ಸೆರಗು ಸರಿಮಾಡಿಕೊಂಡು ಪೆಟ್ಟಿಗೆಯ ಮುಂದೆ ನೆಟ್ಟಗೆ ಕುಳಿತಳು. ಅದೇ ಫಿಲ್ಮನ್ನು ಇನ್ನೊಮ್ಮೆ ಹಚ್ಚೆಂದು ವಿಭಾಳಿಗೆ ಕೈಸನ್ನೆ ಮಾಡಿದಳು. ಗಂಟಲು ಸರಿಪಡಿಸಿಕೊಂಡು, ಪಕ್ಕದ ಕೋಣೆಯಲ್ಲಿರುವವರನ್ನು ಕರೆಯುವಷ್ಟೇ ಸಹಜವಾಗಿ ಕರೆದಳು.

"ಯವ್ವಾ."

ಹೊನ್ನವ್ವ ಓಗೊಟ್ಟಳು.